ಅರಳೆಲೆಯ ಮೇಲಿನ ಹಲ್ಲಿನ ಗುರುತು

ಹಳೇಬೀಡಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಗಂಡನ ಕೆಲಸದ ಜಾಗ. ಒಂದು ಮೂಲೆಯಲ್ಲಿ ಮಾವನವರ ಕಾಲದ ಅಗ್ಗಿಷ್ಟಿಕೆ, ಇನ್ನೊಂದು ಮೂಲೆಯಲ್ಲಿ ಬೆಂಗಳೂರಿನಿಂದ ತಂದ ಪುಟ್ಟ ಕರೆಂಟಿನ ಒಲೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಗಂಡ ಒಂದು ಮಳೆಗಾಲವಿಡೀ ಬೆಂಗಳೂರಿನಲ್ಲಿದ್ದು ಎನಾಮಲ್ ಕೆಲಸ ಕಲಿತು ಬಂದಿದ್ದರು. ಬಣ್ಣದ ಗಾಜಿನ ಪುಡಿಯನ್ನು ಬೆಳ್ಳಿಯ ಮೇಲೆ ಹರಡಿ, ಅದು ಕರಗಿ ಬೆಳ್ಳಿಯನ್ನು ಹಿಡಿದುಕೊಳ್ಳುವಷ್ಟು ಕಾಯಿಸುವುದು. ದೇವರ ಮುಖವೂ ಇಲ್ಲದ, ಹೂಬಳ್ಳಿಯೂ ಇಲ್ಲದ, ಬರೀ ಒಂದು ಗೀಟು, ಒಂದು ಬಣ್ಣದ ಪದಕಗಳನ್ನು ಅವರು ಮಾಡುತ್ತಿದ್ದರು. ದೇವಸ್ಥಾನ ನೋಡಲು ಬಂದವರು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಇಟ್ಟು ಹೋಗುತ್ತಿದ್ದರು. ಎದುರಿನ ಸೈಕಲ್ ಶಾಪಿನವನಿಗೆ ಇದೊಂದು ತಮಾಷೆ.

"ಏನ್ ಆಚಾರ್ರೇ, ತಟ್ಟೆ ಲೋಟಕ್ಕೆ ಬಳಿಯೋದ್ನ ಬೆಳ್ಳಿಗೆ ಬಳೀತೀರಲ್ಲ! ನನ್ ಸೈಕಲ್ಲಿಗೂ ಒಂದ್ ಕೈ ಬಳ್ದುಬುಡಿ."

"ತಗಂಬಾರಯ್ಯ. ನಿನ್ನೂ ಅದ್ರ ಮೇಲೆ ಕೂರ್ಸಿ ಒಲೆಗಿಡ್ತೀನಿ" ಎಂದು ಇವರು ತಲೆಯೆತ್ತದೆ ಹೇಳುತ್ತಿದ್ದರು.

ಪುಡಿ ತೊಳೆಯುವುದು ನನ್ನ ಕೆಲಸ. ಅರೆದ ಗಾಜನ್ನು ನೀರಿಗೆ ಹಾಕಿ ಅಲುಗಿಸಿ, ಹಾಲಿನಂತೆ ಎದ್ದ ಬಗ್ಗಡವನ್ನು ಬಸಿದು, ಮತ್ತೆ ನೀರು ಹಾಕಿ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಗ್ಗಡ ಉಳಿದರೆ ಬಣ್ಣ ಮಂಕಾಗುತ್ತದೆ. ಒಳಗಿನ ಬೆಳ್ಳಿ ಕಾಣುವುದಿಲ್ಲ.

ಒಂದು ದಿನ ಕೆಲಸ ತಂದವಳು ಜಾವಗಲ್ ಕಡೆಯ ತೆಂಗಿನ ತೋಟದ ಮನೆಯ ಸೊಸೆ. ಅವರ ಮನೆಯ ಒಡವೆಗಳನ್ನೆಲ್ಲ ಮಾಡುತ್ತಿದ್ದವರು ನಮ್ಮ ಮಾವನವರು. ಅವರು ತೀರಿಹೋದ ಮೇಲೂ ಆ ಮನೆಯವರು ನಮ್ಮಲ್ಲಿಗೇ ಬರುತ್ತಿದ್ದರು. ಅಂದು ಬಸ್ಸಿಳಿದು ಒಬ್ಬಳೇ ಬಂದಿದ್ದಳು. ಸೊಂಟದ ಚೀಲದಿಂದ ಒಂದು ಬೆಳ್ಳಿಯ ಅರಳೆಲೆ ತೆಗೆದು ಮಣೆಯ ಮೇಲಿಟ್ಟಳು. ಹೆಣ್ಣುಕೂಸುಗಳ ಉಡುದಾರಕ್ಕೆ ಕಟ್ಟುವ, ಅರಳಿ ಎಲೆಯಾಕಾರದ ತೆಳುವಾದ ಪದಕ ಅದು. ಎಲೆಯ ನರಗಳನ್ನು ಮಾವನವರು ಉಳಿಯಲ್ಲಿ ಗೀರಿದ್ದರು. ಅವಳ ಕೂಸು ಜ್ವರದಲ್ಲಿ ತೀರಿಕೊಂಡು ಮೂರು ತಿಂಗಳಾಗಿತ್ತು. ನಮಗೆ ಸುದ್ದಿ ತಿಳಿದಿತ್ತು.

"ಹೋದ ಮಗಿನ ಒಡವೆ ಮನೇಲಿರಬಾರದು ಅಂತಾರೆ ನಮ್ಮತ್ತೆ. ಕರಗ್ಸು, ಇಲ್ಲಾಂದ್ರೆ ರೂಪ ಬದ್ಲಾಗ್ಬೇಕು, ಹಂಗೇ ಹೊಸ್ಲು ದಾಟಂಗಿಲ್ಲ ಅಂತಾರೆ" ಎಂದಳು. "ನೀವು ಬಣ್ಣ ಹಾಕ್ತೀರಂತಲ್ಲ. ಕರಗಿಸ್ದಂಗೆ, ಬಣ್ಣ ಹಾಕಿ ಸರದ ಪದಕ ಮಾಡ್ಕೊಡಿ ಆಚಾರ್ರೇ. ಅತ್ತೆಗೂ ಗುರ್ತು ಸಿಗಬಾರದು."

ಇವರು ಎಲೆಯನ್ನು ಬೆಳಕಿಗೆ ಹಿಡಿದರು. ತೊಟ್ಟಿನ ಬಳಿ, ದಾರ ಪೋಣಿಸುವ ಪುಟ್ಟ ಬಳೆಯ ಕೆಳಗೇ ಎರಡು ಸಣ್ಣ ತಗ್ಗುಗಳಿದ್ದವು. ಸರಿಮಾಡಲೆಂದು ಅವರು ಮರದ ಸುತ್ತಿಗೆಗೆ ಕೈ ಹಾಕಿದ್ದೇ ತಡ, ಆಕೆ ಕೂಗಿದಳು.

"ಅಯ್ಯೋ, ತಟ್ಟಬ್ಯಾಡಿ!"

ಆಮೇಲೆ ಮೆಲ್ಲಗೆ ಹೇಳಿದಳು. "ಅದು ಹಲ್ಲು. ಎರಡೇ ಬಂದಿದ್ವು. ಕಿತ್ಕಂಡು ಬಾಯಿಗಿಟ್ಕಂಡು ಕಚ್ಚಿತ್ತು."

ಇವರು ಸುತ್ತಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಟ್ಟರು. ತಿಳಿಬಣ್ಣ ಹಾಕಿದರೆ ನೀರೊಳಗಿನ ಕಲ್ಲಿನ ಹಾಗೆ ಹಲ್ಲಿನ ಗುರುತು ಗಾಜಿನೊಳಗೆ ಕಾಣುತ್ತಲೇ ಇರುತ್ತದೆ, ಗೊತ್ತಿದ್ದವರಿಗೆ ಮಾತ್ರ, ಎಂದು ವಿವರಿಸಿದರು. ಆಕೆ ಹುಣಸೆ ಚಿಗುರಿನ ಹಸಿರು ಕೇಳಿದಳು. ನಮ್ಮಲ್ಲಿ ಅದಕ್ಕೆ ಹತ್ತಿರದ ಹಸಿರೊಂದಿತ್ತು.

ಕೊನೆಗೆ ಇವರು ಬಳೆಯ ಬುಡವನ್ನು ಬೆರಳಲ್ಲಿ ಮುಟ್ಟಿ ಕೇಳಿದರು. "ಈ ಬೆಸುಗೆ ಯಾರದ್ದು ತಾಯಿ? ಸ್ವಲ್ಪ ದಪ್ಪ ಕಾಣ್ತದೆ."

"ನಿಮ್ಮಪ್ಪಾರದ್ದೇ. ಇನ್ಯಾರದ್ದು?" ಎಂದಳು ಆಕೆ. ಆ ಮಾತು ತಡವಿಲ್ಲದೆ ಬಂತು.

ಅಪ್ಪನ ಬೆಸುಗೆ ಎಂದ ಮೇಲೆ ಇವರು ಅದನ್ನು ಕೆರೆದು ನೋಡಲಿಲ್ಲ. ಸಾಮಾನ್ಯವಾಗಿ ಹಳೆಯ ಬೆಳ್ಳಿಯನ್ನು ಮೊದಲು ಬರೀ ಬೆಂಕಿಯಲ್ಲಿ ಕಾಯಿಸಿ ಕೊಳೆ ಸುಡುತ್ತಿದ್ದರು. ಎರಡೆರಡು ಸಲ ಕಾಯಿಸಿದರೆ ಅಪ್ಪನ ಬೆಸುಗೆ ಸಡಿಲವಾದೀತೆಂದು ಅದನ್ನೂ ಮಾಡಲಿಲ್ಲ. ಅಂಟುವಾಳದ ನೊರೆಯಲ್ಲೂ ಹುಣಸೆಹಣ್ಣಿನಲ್ಲೂ ತೊಳೆದರು. ಒಲೆಯ ಕಾವಿಗೆ ಬೆಸುಗೆ ಕದಲದಿರಲೆಂದು ಅದರ ಮೇಲೆ ಕಾವಿಮಣ್ಣು ಮೆತ್ತಿದರು. ನಾನು ಹಸಿರು ಪುಡಿಯನ್ನು ಎಂದಿಗಿಂತ ಹೆಚ್ಚು ಸಲ ತೊಳೆದೆ. ಅಷ್ಟು ತಿಳಿಯಾದ ನೀರನ್ನು ಆ ಬಟ್ಟಲಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಒಡವೆ ಕೊಟ್ಟವರು ಕೆಲಸ ಮುಗಿಯುವವರೆಗೆ ಎದುರಿಗೇ ಕೂರುವುದು ನಮ್ಮ ಕಡೆಯ ರೂಢಿ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲವಲ್ಲ. ಆದರೆ ಆಕೆ ಅದಕ್ಕಾಗಿ ಕೂತಿರಲಿಲ್ಲ. ಪುಡಿ ಒಣಗುವಾಗ ನನ್ನ ಕಡೆ ತಿರುಗಿ, "ಅಕ್ಕಾ, ಸುಡ್ತದಾ ಅದ್ಕೆ?" ಎಂದಳು. ಕೇಳಿದ ಮೇಲೆ ನಾಚಿಕೊಂಡು ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ನಾನು ಇಲ್ಲ ಎಂದೆ.

ಎಲೆ ಒಲೆಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇವರು ಬಾಗಿಲು ತುಸು ತೆರೆದು ಇಣುಕಿದರು. ಪುಡಿ ಮೊದಲು ಕಪ್ಪಾಗುತ್ತದೆ, ಆಮೇಲೆ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಕೊನೆಗೆ ಒಮ್ಮೆಲೇ ಹೊಳೆಯುತ್ತದೆ. ಆ ಹೊಳಪಿಗೇ ನಾವು ಕಾಯುತ್ತಿದ್ದೆವು. ಎಲೆಯ ಕೆಳತುದಿ ಹೊಳೆಯಿತು. ಅದೇ ಹೊತ್ತಿಗೆ ಕಾವಿಮಣ್ಣಿನ ಅಡಿಯಿಂದ ಬೂದುಬಣ್ಣದ ಒಂದು ಹನಿ ಜಾರಿ ಬಂತು. ಅದು ಹರಿದಲ್ಲೆಲ್ಲ ಬೆಳ್ಳಿ ತೂತಾಯಿತು, ಕಾಗದಕ್ಕೆ ಕಿಡಿ ಬಿದ್ದಾಗ ತೂತು ಅಗಲವಾಗುವ ಹಾಗೆ. ಬಳೆ ಬಾಗಿತು. ತೊಟ್ಟಿನ ಭಾಗ ಮುದುಡಿ ಕೆಳಕ್ಕೆ ಕುಸಿಯಿತು. ಇವರು ಚಿಮ್ಮಟದಿಂದ ಎಳೆದು ಹೊರಗಿಡುವಷ್ಟರಲ್ಲಿ ಹಲ್ಲಿನ ಗುರುತಿದ್ದ ಜಾಗವೇ ಉಳಿದಿರಲಿಲ್ಲ.

ಎಲೆ ತಣ್ಣಗಾಗುತ್ತ ಟಿಕ್ ಟಿಕ್ ಎಂದು ಸದ್ದು ಮಾಡಿತು.

"ಇದು ಸೀಸ" ಎಂದರು ಇವರು. ದನಿ ಏರಲಿಲ್ಲ. "ಕಾದ್ರೆ ಬೆಳ್ಳೀನೇ ತಿಂತದೆ. ನಮ್ಮಪ್ಪ ಬೆಳ್ಳಿಗೆ ಯಾವತ್ತೂ ಸೀಸ ಮುಟ್ಟಿಸ್ದೋರಲ್ಲ. ಯಾರತ್ರ ಹಾಕ್ಸಿದ್ರಿ ತಾಯಿ?"

ಆಕೆ ನೆಲ ನೋಡುತ್ತ ಹೇಳಿದಳು. ಕೂಸು ಎಲೆ ಕಿತ್ತು ಬಾಯಿಗಿಟ್ಟುಕೊಂಡ ದಿನವೇ ಬಳೆ ಮುರಿದಿತ್ತು. ಹಳೇಬೀಡಿಗೆ ಬರಲು ಪುರುಸೊತ್ತಿರಲಿಲ್ಲ. ಜಾವಗಲ್ ಸಂತೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವವನು ಕೂತಿದ್ದ. ಅವನೇ ಹಚ್ಚಿಕೊಟ್ಟ.

"ಮನೆ ಆಚಾರ್ರು ಇರುವಾಗ ಕಲಾಯಿಯೋನತ್ರ ಹೋಗಿದ್ದೆ ಅಂತ ನಿಮ್ಮೆದ್ರಿಗೆ ಹೆಂಗೇಳ್ಲಿ? ನಿಮ್ಮಪ್ಪಾರ ಹೆಸ್ರಿಗೆ ಕಮ್ಮಿ ಮಾಡ್ದಂಗಾಗ್ತದೆ ಅಂತ..."

ಆಕೆ ಇವರ ಮರ್ಯಾದೆ ಕಾಯಲು ಸುಳ್ಳು ಹೇಳಿದ್ದಳು. ಇವರು ಅಪ್ಪನ ಮರ್ಯಾದೆ ಕಾಯಲು ಕೆರೆಯದೆ ಬಿಟ್ಟಿದ್ದರು. ಯಾರನ್ನು ಬೈಯಬೇಕೆಂದು ನನಗೆ ಅಂದೂ ತಿಳಿಯಲಿಲ್ಲ, ಈಗಲೂ ತಿಳಿಯುತ್ತಿಲ್ಲ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತೇನೋ.

ಆಕೆ ಎಲೆಯನ್ನು ಅಂಗೈಗೆ ತೆಗೆದುಕೊಂಡಳು. ಮುದುಡಿದ ಭಾಗದ ಮೇಲೆ ಹೆಬ್ಬೆರಳಾಡಿಸಿದಳು. ಹಿಂದೆ ತಿರುಗಿಸಿ ಅಲ್ಲೂ ಆಡಿಸಿದಳು. ಮತ್ತೆ ಮುಂದಕ್ಕೆ ತಿರುಗಿಸಿದಳು.

"ಹೊಸದಾಗಿ ಒಂದು ಎಲೆ ಮಾಡ್ಕೊಡ್ತೀನಿ" ಎಂದರು ಇವರು.

"ಅದ್ನ ಕಚ್ಚೋರು ಯಾರು ಆಚಾರ್ರೇ?"

ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಕರಗ್ತು ಅಂತ ಹೇಳ್ತೀನಿ ಅತ್ತೆಗೆ. ಸುಳ್ಳೇನಲ್ವಲ್ಲ." ಎಲೆಯನ್ನು ಮಣೆಯ ಮೇಲಿಟ್ಟು ಬಸ್ಸಿಗೆ ಹೊರಟಳು. ನಾನು ಅಂಗಳದವರೆಗೆ ಹೋದೆ.

ಆ ಮನೆಯವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಒಡವೆ ಕೆಲಸಕ್ಕೆ ಅರಸೀಕೆರೆಗೆ ಹೋಗುತ್ತಾರೆಂದು ಕೇಳಿದೆವು. ನನ್ನ ಗಂಡ ಆ ಕರೆಂಟಿನ ಒಲೆಗೆ ಗೋಣಿ ಹೊದಿಸಿದರು. ತೆಗೆಯಿರಿ ಎಂದು ನಾನೂ ಹೇಳಲಿಲ್ಲ.

ಎಲೆ ನಮ್ಮಲ್ಲೇ ಉಳಿಯಿತು. ಅದರ ಕೆಳಗಿನ ಅರ್ಧ ಒಂದು ಗುಳ್ಳೆಯೂ ಇಲ್ಲದೆ ಬಂದಿದೆ. ಹುಣಸೆ ಚಿಗುರಿನ ಹಸಿರು, ಒಳಗೆ ಮಾವನವರು ಗೀರಿದ ಒಂದೊಂದು ನರವೂ ಸ್ಪಷ್ಟ. ನನ್ನ ಗಂಡ ಮಾಡಿದ್ದರಲ್ಲಿ ಅಷ್ಟು ತಿಳಿಯಾದ ಬಣ್ಣ ಇನ್ನೊಂದಿಲ್ಲ. ಕೂಸು ಅಲ್ಲಿ ಕಚ್ಚಿರಲಿಲ್ಲ.