ಸದಾನಂದಣ್ಣ ಮತ್ತು ನಾಲ್ಕನೇ ಪೋರ್ಟು

ಸದಾನಂದಣ್ಣ ಸೀರಿಯಲ್ ಪೋರ್ಟುಗಳನ್ನು, ಅಂದರೆ ಯಂತ್ರಗಳು ತಂತಿಯಲ್ಲಿ ಮಾತಾಡಿಕೊಳ್ಳುವ ಕಿಂಡಿಗಳನ್ನು, ‘ಊಟ ಆಯ್ತಾ’ ಎಂದು ವಿಚಾರಿಸುತ್ತಿದ್ದರು. ಪೋರ್ಟಿನ ಮಾತು ಕಳಿಸುವ ಪಿನ್ನನ್ನೂ ಕೇಳಿಸಿಕೊಳ್ಳುವ ಪಿನ್ನನ್ನೂ ಹೆಂಡತಿಯ ಹೇರ್‌ಪಿನ್ನಿನಿಂದ ಜೋಡಿಸಿ, ಕೀಬೋರ್ಡಿನಲ್ಲಿ ಆ ಎರಡು ಪದ ಕುಟ್ಟುತ್ತಿದ್ದರು. ಅದೇ ಮಾತು ಪರದೆಯ ಮೇಲೆ ತಿರುಗಿ ಬಂದರೆ ಪೋರ್ಟಿಗೆ ಜೀವವಿದೆ ಎಂದರ್ಥ. ಉಡುಪಿ ಕಡೆಯವರು, ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಮಾವನ ಹೋಟೆಲಿನ ಬಿಲ್ ಮೆಷಿನ್ ಬಿಚ್ಚಿ ಜೋಡಿಸುತ್ತಲೇ ವಿದ್ಯೆ ಕಲಿತವರು. ಅಲ್ಲಿನ ಕೈಗಾರಿಕಾ ಪ್ರದೇಶ ವಾಗ್ಳೆ ಎಸ್ಟೇಟಿನ ನಮ್ಮ ಸಣ್ಣ ಕಂಪನಿಯಲ್ಲಿ, ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಾದ ಲಿನಕ್ಸ್ ಬೋರ್ಡೆಂದರೆ ಅವರೇ. ಇಂಜಿನಿಯರಿಂಗ್ ಮುಗಿಸಿದ ಜಂಬದಲ್ಲಿ ಹೋದ ನನಗೆ ಮೊದಲ ದಿನವೇ ಹೇಳಿದ್ದರು: “ಚಿಪ್‌ನಲ್ಲಿ ಪೋರ್ಟು ಉಂಟು ಅಂತ ಪುಸ್ತಕ ಹೇಳ್ತದೆ ಮಾರಾಯ್ತಿ. ನಾವು ಎಬ್ಬಿಸದೆ ಅದು ಏಳುದಿಲ್ಲ.”

ಬದಲಾಪುರದ ಒಂದು ಕೆಮಿಕಲ್ ಕಾರ್ಖಾನೆಗೆ ಒಂದೇ ಬೋರ್ಡಿನಲ್ಲಿ ನಾಲ್ಕು ಯಂತ್ರ ಜೋಡಿಸಬೇಕಿತ್ತು; ನಾಲ್ಕನೆಯದು ಆ್ಯಸಿಡ್ ಹರಿಸುವ ಪಂಪು. ಸೆಟ್ಟಿಂಗ್ ಫೈಲ್ ತಿದ್ದಿ ಮೂರು ಪೋರ್ಟು ಎಬ್ಬಿಸಿದೆ. ಉಳಿದದ್ದು ಕನ್ಸೋಲ್ ಪೋರ್ಟು; ಬೋರ್ಡು ಶುರುವಾಗುವಾಗ ತನ್ನ ಸಮಾಚಾರವನ್ನೆಲ್ಲ ಹೊರಗೆ ಹೇಳಿಕೊಳ್ಳುವುದು ಅದರಲ್ಲೇ.

“ಅದರ ಬಾಯಿ ಮೊದಲು ಮುಚ್ಚು, ಮತ್ತೆ ಪಂಪಿಗೆ ಕೊಡು” ಎಂದರು ಸದಾನಂದಣ್ಣ.

“ಆಗಲೇ ಮುಚ್ಚೇನ್ರಿ ಅಣ್ಣಾ” ಎಂದೆ. ಮುಚ್ಚಿರಲಿಲ್ಲ. ಆಮೇಲೆ ಮಾಡಿದರಾಯಿತೆಂದು ಡೊಂಬಿವಲಿಯ ಲೋಕಲ್ ರೈಲು ಹಿಡಿಯಲು ಓಡಿದ್ದೆ, ಮರೆತೇಬಿಟ್ಟೆ. ನನ್ನ ಉಡಾಫೆಗಿಷ್ಟು ಬೆಂಕಿ ಹಾಕ.

ಬೋರ್ಡು ಕೂಡಿಸಲು ನಾವಿಬ್ಬರೂ ಹೋಗಿದ್ದ ಕಾರ್ಖಾನೆಯಲ್ಲಿ ಅದು ಮೂರನೇ ದಿನ. ಕೆಲಸಗಾರನೊಬ್ಬ ಆ್ಯಸಿಡ್ ಪೈಪಿನ ಜೋಡಣೆ ಬಿಚ್ಚಿ ತೊಳೆಯುತ್ತಿದ್ದ. ಕರೆಂಟು ಒಂದು ಗಳಿಗೆ ಹೋಗಿ ಬಂತು. ಬೋರ್ಡು ಮತ್ತೆ ಶುರುವಾಗಿ ತನ್ನ ಸಮಾಚಾರವನ್ನೆಲ್ಲ ಪಂಪಿಗೆ ಒದರಿತು. ಆ ಹಳೇ ಪಂಪಿಗೆ ಒಂದು ಅಕ್ಷರ ಬಂದರೂ ಸಾಕು, ಅದೇ ಓಡು ಎಂಬ ಅಪ್ಪಣೆ. ಓಡಿತು. ಸದಾನಂದಣ್ಣ ಆ ಮನುಷ್ಯನನ್ನು ಅತ್ತ ನೂಕಿ, ಕೆಂಪು ಸ್ವಿಚ್ಚು ಒತ್ತಿದರು. ಆ್ಯಸಿಡ್ ಅವರ ಎಡಗೈ ಮೇಲೆ ಬಿತ್ತು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತವರು ಕೇಳಿದ್ದು ಒಂದೇ: “ಅವನ ಕಣ್ಣು ಸರಿ ಉಂಟಾ ನೋಡು.”

ಸರಿ ಇತ್ತು.

ಸಂಜೆ ನಮ್ಮ ಮಾಲೀಕರು ಇಬ್ಬರನ್ನೂ ನಿಲ್ಲಿಸಿ, “ಇದು ಯಾರ ಕೆಲಸ?” ಎಂದರು. ಸದಾನಂದಣ್ಣ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ನನ್ನದೇ. ಮರ್ತುಹೋಯ್ತು” ಎಂದರು ಅವರು.

ಮರುದಿನದಿಂದ ಅವರ ಕುರ್ಚಿ ಖಾಲಿ. ನನ್ನ ನೌಕರಿ ಉಳಿಯಿತು. ಆರು ತಿಂಗಳು ಕಳೆದ ಮೇಲೆ ಐರೋಲಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಎಡಗೈಯ ಚರ್ಮ ಮೊಣಕೈವರೆಗೂ ಸುಕ್ಕುಗಟ್ಟಿತ್ತು. ಅದನ್ನು ನೋಡುತ್ತಲೇ, “ಅಣ್ಣಾ, ಆ ಪೋರ್ಟಿನ ಬಾಯಿ ಮುಚ್ಚಿರಲಿಲ್ರಿ ನಾನು” ಎಂದುಬಿಟ್ಟೆ.

“ಗೊತ್ತುಂಟು. ಅವತ್ತೇ ಫೈಲ್ ತೆಗೆದು ನೋಡಿದ್ದೆ.”

“ಮತ್ತ ನಿಮ್ಮ ಮ್ಯಾಲ್ಯಾಕ ಹಾಕ್ಕೊಂಡ್ರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನೀನು ಹೇಳ್ತಿ ಅಂತ ಕಾದೆ. ನೀನು ಹೇಳ್ಲಿಲ್ಲ. ಅಲ್ಲಿ ಇದ್ದದ್ದು ನಾವಿಬ್ರೇ ಅಲ್ವಾ?”

ಮರುದಿನವೇ ಮಾಲೀಕರೆದುರು ಒಪ್ಪಿಕೊಂಡೆ. ಅವರು ಸದಾನಂದಣ್ಣನಿಗೆ ಕೆಲಸಕ್ಕೆ ಮರಳಲು ಮೂರು ಸಲ ಹೇಳಿ ಕಳಿಸಿದರು. ಸದಾನಂದಣ್ಣ ಬರಲಿಲ್ಲ.