ಎಂಟು ಗಂಟೆಯ ನಾಡಿ ಹಿಡಿಯುವ ಅಕ್ಕ

"ಅಕ್ಕಾ, ಇದು ಅದನ್ನ ಕಳ್ಳ ಅಂತಿದೆ, ಅದು ಇದನ್ನ ಕಳ್ಳ ಅಂತಿದೆ. ನಾನು ಯಾರ ಮಾತು ನಂಬ್ಲಿ?"

ಕೇಳುತ್ತಿರುವವರು ಮೂರು ತಿಂಗಳ ಹಿಂದೆ ಉಗ್ರಾಣ ವಿಭಾಗದಿಂದ ವರ್ಗವಾಗಿ ಬಂದ, ನಲವತ್ತು ದಾಟಿದ ಹೆಂಗಸು. ಇಲ್ಲಿ ಎಲ್ಲರ ಬಾಯಲ್ಲೂ ಆಕೆ 'ಸ್ಟೋರ್ಸಮ್ಮ'. ಕೇಳಿಸಿಕೊಳ್ಳುತ್ತಿರುವವರು ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟು, ಮಂಡಿಗೆ ಶಾಲು ಸುತ್ತಿಕೊಂಡು ಕುಳಿತ, ಯಂತ್ರದ ನಾಡಿ ನೋಡುವವರೆಂದು ಹೆಸರಾದ 'ನಾಡಿಯಕ್ಕ'. ಸೋಮವಾರ, ಬೆಳಗಿನ ಆರು ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಗಾಜಿನ ಗೋಡೆಯಾಚೆ, ಆಳೆತ್ತರದ ಕಪ್ಪು ಬೀರುವಿನಂಥ ಮೇನ್‌ಫ್ರೇಮ್ ಕಂಪ್ಯೂಟರ್ ಒಂದೇ ಸಮನೆ ಗುಂಯ್‌ಗುಡುತ್ತಿದೆ. ಊರೂರಿನ ರೈಲು ಟಿಕೆಟ್ ಹುಟ್ಟುವುದು ಅದರ ಹೊಟ್ಟೆಯಲ್ಲಿ.

ದಿನಕ್ಕೆ ಒಂಬತ್ತು ಲಕ್ಷ ಟಿಕೆಟ್. ಅದರಲ್ಲಿ ಒಂದು ಲಕ್ಷ, ಕೌಂಟರ್ ತೆರೆಯುವ ಎಂಟು ಗಂಟೆಯಿಂದ ಎಂಟೂ ಇಪ್ಪತ್ತರೊಳಗೇ. ಆ ಇಪ್ಪತ್ತು ನಿಮಿಷ ಯಂತ್ರಕ್ಕೆ ಏದುಸಿರು ಬಂದರೆ ಊರೂರಲ್ಲೂ ಸಾಲು ನಿಂತಲ್ಲೇ ನಿಲ್ಲುತ್ತದೆ. ಯಾವ ಕೆಲಸ ಯಂತ್ರವನ್ನು ಸುಸ್ತು ಮಾಡುತ್ತಿದೆ ಎಂದು ಕಣ್ಣಿಟ್ಟು ಹೇಳುವುದಕ್ಕೇ ಬೇರೆ ಸಾಫ್ಟ್‌ವೇರ್ ಇರುತ್ತದೆ. ಇಲ್ಲಿ ಈಗ ಅಂಥವು ಎರಡು. ಒಂದು ಇಪ್ಪತ್ತೆರಡು ವರ್ಷದಿಂದ ಇರುವ 'ಹಳೇ ಹಸಿರು': ಕಪ್ಪು ಪರದೆ, ಹಸಿರು ಅಂಕಿ, ಮತ್ತೇನಿಲ್ಲ. ಇನ್ನೊಂದು ಮೊನ್ನೆ ಬಂದ 'ಬಣ್ಣದ್ದು': ಏರಿಳಿಯುವ ಗೆರೆ, ತಿರುಗುವ ಚಕ್ರ, ಅಪಾಯ ಬಂದರೆ ಕೆಂಪು. ಒಂದನ್ನು ಉಳಿಸಿ ಇನ್ನೊಂದನ್ನು ಕಳಿಸಬೇಕು. ಶನಿವಾರದೊಳಗೆ ಸಹಿ ಹಾಕಬೇಕಾದವರು ನಾಡಿಯಕ್ಕ. ಅವರ ನಿವೃತ್ತಿಗೆ ಉಳಿದಿರುವುದು ಆರೇ ವಾರ.

ಟಿಕೆಟ್ ಟೈಪಿಸ್ಟ್ ಆಗಿ ಸೇರಿದವರು ಇವರು. ಯಂತ್ರದ ದಪ್ಪ ದಪ್ಪ ಕೈಪಿಡಿಗಳನ್ನು ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ತಾವಾಗಿಯೇ ಓದಿ ಕಲಿತರು. ಯಂತ್ರಕ್ಕೆಂದು ಸದಾ ಓಡುವ ಎ.ಸಿ.ಯ ಚಳಿ ಮಂಡಿಗೆ ಇಳಿದು ವರ್ಷಗಳಾದವು. ಬೆಳಗಿನ ಐದಕ್ಕೆ ಸ್ಕೂಟರಿನಲ್ಲಿ ತಂದು ಬಿಡುವ ಗಂಡನದು ಒಂದೇ ತಕರಾರು: "ಮದುವೆಯಾಗಿ ಮೂವತ್ತೊಂದು ವರ್ಷ. ಒಂದಿನಾನೂ ನನ್ನ ನಾಡಿ ನೋಡ್ಲಿಲ್ಲ ಇವಳು."

"ನಿಮ್ಮ ಹಿಂದೆ ಎಂಟು ಗಂಟೆಗೆ ಲಕ್ಷ ಜನ ನಿಲ್ಲಲಿ, ಆಮೇಲೆ ನೋಡ್ತೀನಿ" ಎನ್ನುತ್ತಾರೆ ಅಕ್ಕ.

ಆ ಸೋಮವಾರ ಎಂಟೂ ಎರಡಕ್ಕೆ, ಎಂದಿನಂತೆ ಒಂದನೇ ಕೌಂಟರಿಗೆ ಫೋನ್ ಮಾಡುತ್ತಾರೆ. ಅಲ್ಲಿನ ಗುಮಾಸ್ತರು ಕೈಗಡಿಯಾರ ನೋಡಿ, ಒಂದು ಟಿಕೆಟ್ಟಿಗೆ ಎಷ್ಟು ಸೆಕೆಂಡು ಎಂದು ಹೇಳುವುದು ಇಪ್ಪತ್ತೆರಡು ವರ್ಷದ ರೂಢಿ. ಮೂರು ಅಂದರೆ ಕ್ಷೇಮ.

"ಒಂಬತ್ತು, ಅಕ್ಕಾ! ಜನ ನನ್ನನ್ನೇ ತಿಂತಾರೆ ಇಲ್ಲಿ!"

"ತಿಂದ್ರೆ ಅವರಿಗೇ ಅಜೀರ್ಣ. ಸ್ವಲ್ಪ ತಡಕೊಳಪ್ಪ."

ನೋಟ್‌ಬುಕ್ಕಿನಲ್ಲಿ ಒಂಬತ್ತು ಎಂದು ಬರೆಯುವಾಗ ಅಕ್ಕನಿಗೆ ಹೊಳೆಯುತ್ತದೆ. ಹೋಲಿಸಿ ನೋಡಲೆಂದು ಎರಡನ್ನೂ ಒಟ್ಟಿಗೇ ಓಡಿಸಿದ್ದಾರೆ! ಕಣ್ಣಿಡುವುದೂ ಯಂತ್ರಕ್ಕೆ ಕೆಲಸವೇ. ಒಂದರ ಲೆಕ್ಕದಲ್ಲಿ ಇನ್ನೊಂದು ಹೊರೆಯಾಗಿ ಕಾಣಿಸುತ್ತಿದೆ. ಅದಕ್ಕೇ ಈ ಕಳ್ಳ-ಕಳ್ಳ ಜಗಳ.

"ತಪ್ಪು ನಂದೇ ಕಣೇ" ಎಂದು ನಗುತ್ತಾರೆ. "ನಾಡಿ ನೋಡೋಕೆ ಇಬ್ಬರು ಡಾಕ್ಟರನ್ನ ಕರೆಸಿ, ಇಬ್ಬರನ್ನೂ ರೋಗಿ ಎದೆ ಮೇಲೆ ಕೂರಿಸಿದೀನಿ."

ಮಂಗಳವಾರ ಎರಡೂ ಬಂದ್: ಮೂರು ಸೆಕೆಂಡು. ಬುಧವಾರ ಹಸಿರು ಮಾತ್ರ: ಮೂರು. ಗುರುವಾರ ಬಣ್ಣದ್ದು ಮಾತ್ರ: ಎಂಟು. ಬಣ್ಣದ್ದು ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ; ಆ ಇಣುಕಾಟಕ್ಕೇ ಯಂತ್ರ ಸುಸ್ತು.

"ನಿಮ್ಮ ಹಸಿರೇ ಗೆದ್ತು ಅಕ್ಕಾ! ಹಳೇದನ್ನೇ ಇಟ್ಕೊಳ್ಳಿ" ಎನ್ನುತ್ತಾರೆ ಸ್ಟೋರ್ಸಮ್ಮ.

ಅಕ್ಕ ಹಸಿರು ಪರದೆಯನ್ನು ಅವರ ಕಡೆ ತಿರುಗಿಸುತ್ತಾರೆ. "ಇದರಲ್ಲಿ ಏನು ಬರೆದಿದೆ, ಹೇಳು ನೋಡೋಣ."

ಸ್ಟೋರ್ಸಮ್ಮ ಕಣ್ಣು ಕಿರಿದು ಮಾಡಿ ಅಂಕಿಗಳನ್ನು ನೋಡುತ್ತಾರೆ, ನೋಡುತ್ತಲೇ ಇರುತ್ತಾರೆ. "ನಂಗೆ ಮೂರು ತಿಂಗಳಿಂದ ಇದು ಇರುವೆ ಸಾಲು, ಅಕ್ಕಾ."

ಅಂದು ಮಧ್ಯಾಹ್ನ ಅಕ್ಕ ಡಬ್ಬಿ ಬಿಚ್ಚುವುದಿಲ್ಲ. ಮತ್ತೆ ಕೈಪಿಡಿ ತೆರೆದು ಕೂರುತ್ತಾರೆ. ಬಣ್ಣದ್ದು ನಿಮಿಷಕ್ಕೊಮ್ಮೆ ಮಾತ್ರ ನೋಡುವಂತೆ ಬದಲಾಯಿಸುತ್ತಾರೆ. ಶುಕ್ರವಾರ ಒಂದನೇ ಕೌಂಟರು ಹೇಳುತ್ತದೆ: ಮೂರು.

ಶನಿವಾರ ಬೆಳಿಗ್ಗೆ ಕಾಗದದಲ್ಲಿ ಬಣ್ಣದ್ದರ ಹೆಸರಿನ ಮುಂದೆ ಬಿದ್ದ ಅಕ್ಕನ ಸಹಿ ನೋಡಿ ಸಾಹೇಬರಿಗೆ ಖುಷಿಯೋ ಖುಷಿ. "ನೋಡಿದ್ರಾ, ಎಷ್ಟು ಚೆನ್ನಾಗಿ ಕಾಣುತ್ತೆ!"

"ಚೆಂದಕ್ಕಲ್ಲ ಸರ್. ಹಳೇದು ನನಗೊಬ್ಬಳಿಗೇ ಓದೋಕೆ ಬರುತ್ತೆ. ಅದನ್ನ ಇಷ್ಟು ವರ್ಷ ಹೆಮ್ಮೆ ಅಂದ್ಕೊಂಡಿದ್ದೆ."

ಸಾಹೇಬರು ಹೋದ ಮೇಲೆ, ಅಕ್ಕ ಸೆರಗಿನ ತುದಿಯಿಂದ ಹಸಿರು ಪರದೆಯ ಧೂಳು ಒರೆಸುತ್ತಾರೆ. ಕಣ್ಣು ತುಂಬಿದ್ದು ಎ.ಸಿ. ಗಾಳಿಗೆ ಎನ್ನುತ್ತಾರೆ.

"ಆರು ವಾರ ಆದ್ಮೇಲೆ ನಿಮ್ಮ ನೆನಪಾದ್ರೆ ಏನು ಮಾಡ್ಲಿ, ಅಕ್ಕಾ?" ಎಂದು ಕೇಳುತ್ತಾರೆ ಸ್ಟೋರ್ಸಮ್ಮ.

"ಆಗದೇ ಇರಲಿ ಅನ್ನೋದೇ ನನ್ನಾಸೆ ಕಣೇ. ನನ್ನ ನೆನಪಾಯ್ತು ಅಂದ್ರೆ, ಎಲ್ಲೋ ಸಾಲು ನಿಂತಲ್ಲೇ ನಿಂತಿದೆ ಅಂತ ಅರ್ಥ."

ಎಂಟೂ ಎರಡು. ಬಣ್ಣದ್ದರ ಪರದೆಯ ಮೇಲೆ ಒಂದು ಗೆರೆ ಮೇಲೇರಿ ಕೆಂಪಾಗುತ್ತದೆ: ಸಂಜೆ ಓಡಬೇಕಿದ್ದ ಯಾವುದೋ ವರದಿಯ ಕೆಲಸ ಈಗಲೇ ಎದ್ದು ಕೂತಿದೆ. ಅಭ್ಯಾಸಬಲದಿಂದ ಅಕ್ಕನ ಕೈ ಫೋನಿನತ್ತ ಚಾಚುತ್ತದೆ. ಅಷ್ಟರಲ್ಲಿ ಸ್ಟೋರ್ಸಮ್ಮ ರಿಸೀವರ್ ಎತ್ತಿ, ವರದಿ ವಿಭಾಗದ ನಂಬರು ಒತ್ತುತ್ತಿದ್ದಾರೆ. ನಾಡಿಯಕ್ಕ ಚಾಚಿದ ಕೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಳ್ಳುತ್ತಾರೆ.