ಕರೆಯದೆ ಒಳಗೆ ಬಾರದ ದೆವ್ವ

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ರಕ್ತ ಕುಡಿಯುವ ದೆವ್ವ ಬಂದಿತ್ತು. ನಿಮ್ಮಾಣೆ!

ಬಂದದ್ದು ಸಿಡಿಯಲ್ಲಿ. ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಸಿಡಿ ಅಂಗಡಿಯವನು, "ಯುರೋಪಿಂದು ಸಾರ್, ಹಾರರ್ ಕಾಮಿಡಿ. ಹೆದ್ರಿಕಂತ ನಗಬೋದು" ಅಂತ ಕೊಟ್ಟಿದ್ದ. (ಯುರೋಪಿನ ಯಾವ ದೇಶ? ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.) ಹೊಸ ಪ್ಲೇಯರ್ ತಂದ ಸುದ್ದಿಗೆ ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿತ್ತು. ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಹೆದರಿದವರು? ಒಬ್ಬರೂ ಇಲ್ಲ! ದೆವ್ವಕ್ಕೆ ಬೆಳ್ಳುಳ್ಳಿ ಕಂಡರೆ ಆಗುವುದಿಲ್ಲ ಎಂದೆ. ಮಂಡಕ್ಕಿ ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವ ನಕ್ಕಳು.

"ಹಂಗಾರ ನಮ್ಮೂರಾಗ ಉಪಾಸ ಸಾಯ್ತೈತಿ ಬಿಡು."

ಮನೆಯವರು ಬಾಯಿಬಿಟ್ಟು ಕರೆಯದೆ ಅದು ಹೊಸ್ತಿಲು ದಾಟುವಂತಿಲ್ಲ ಎಂದೂ ಹೇಳಿದೆ. ಅದು ಅವ್ವನಿಗೆ ಬಹಳ ಹಿಡಿಸಿತು. "ಮರ್ಯಾದಿ ಇರೋ ದೆವ್ವ ನೋಡು!"

ಹಿಡಿಸದೇ ಇರುತ್ತದೆಯೇ? ಅದು ಅವ್ವನದೇ ರೂಲ್ಸು! ಪಕ್ಕದ ಮನೆಯ ನಾಗಮ್ಮ ಮಗಳ ಮದುವೆಗೆ ತಾನೇ ಬಂದು ಕುಂಕುಮ ಹಚ್ಚಿ ಕರೆಯದೆ, ಬೇರೆಯವರ ಕೈಲಿ ಕಾರ್ಡ್ ಕಳಿಸಿದ್ದಳು. ಅವ್ವ ಹೋಗಲಿಲ್ಲ. ಅಂದಿನಿಂದ ಎರಡು ವರ್ಷ ಮಾತಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಗೆಳತಿಯರು! ಗೋಡೆಯಾಚೆ ನಾಗಮ್ಮ ಕೆಮ್ಮಿದರೆ ಅವ್ವ ಕೈಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಟೀವಿಯಲ್ಲಿ ದೆವ್ವ ಹಿಮದಲ್ಲಿ ನಡುಗುತ್ತಾ ಬಾಗಿಲಲ್ಲೇ ನಿಂತಿತು. ಒಳಗಿನವರು ಕರೆಯಲೊಲ್ಲರು. ಅವ್ವನ ಕರುಳು ಚುರ್ ಎಂದಿತು.

"ಪಾಪ, ಎಷ್ಟೊತ್ತು ನಿಂದ್ರತೈತಿ? ಒಳಗ ಕರೀರಪ್ಪ ಅದನ್ನ!"

"ದೆವ್ವ ನೋಡಿ ಪಾಪ ಅಂತೀ ಗೌರಕ್ಕ. ಆಗ್ಲಿಂದ ನಿಂತೀನಿ, ನಾ ಕಾಣಂಗಿಲ್ಲೇನು?"

ನಮ್ಮ ಬಾಗಿಲಿನಿಂದ ಬಂದ ದನಿ. ನೋಡಿದರೆ ನಾಗಮ್ಮ! ನಮ್ಮ ನಗು ಕೇಳಿ ಬಂದವಳು ಹೊಸ್ತಿಲಾಚೆಯೇ ನಿಂತಿದ್ದಳು. ಅವ್ವ ಕೈಲಿದ್ದ ಬೆಳ್ಳುಳ್ಳಿ ಸಮೇತ ಎದ್ದಳು. (ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು.)

"ಅದು ದೆವ್ವ, ಕರೀಬೇಕು. ನಿನಗೇನ್ ಧಾಡಿ ನಾಗಿ? ಬಾರೇ ಒಳಗ!"

ನಾಗಮ್ಮ ಬಂದಳು. ಅವ್ವನ ಕೈ ಹಿಡಿದು ಅತ್ತಳು. ಅವ್ವನೂ ಅತ್ತಳು. ಆಮೇಲೆ ಮಂಡಕ್ಕಿ, ಆಮೇಲೆ ಮಾತು. ಎರಡು ವರ್ಷ ಕಟ್ಟಿಟ್ಟ ಮಾತು! ಸಿನಿಮಾದ ಒಂದು ಡೈಲಾಗೂ ಕೇಳಿಸಲಿಲ್ಲ. ಖುಷಿಯಿಂದ ನಾನೇ ಟೀವಿ ಆಫ್ ಮಾಡಿದೆ.

ಸಿಡಿ ವಾಪಸ್ ಕೊಡುವಾಗ ಅಂಗಡಿಯವನು "ಹೆಂಗೈತಿ ಸಾರ್ ಪಿಚ್ಚರ್?" ಅಂದ. ಸೂಪರ್ ಅಂದೆ. ಇನ್ನೇನು ಹೇಳಲಿ?

ಆದರೂ ಪಾಪ, ಆ ದೆವ್ವವನ್ನು ಕೊನೆಗೆ ಯಾರಾದರೂ ಒಳಗೆ ಕರೆದರಾ?